ಅಂಗೈಗೆ ತಾಗಿದ ಹಿಮ್ಮಡಿ

ಸಾಗರದ ಆ ಫಿಸಿಯೋಥೆರಪಿ ಕ್ಲಿನಿಕ್ಕಿನ ಬಾಗಿಲಿಗೆ ಬರುವಷ್ಟರಲ್ಲೇ ಶಾಂತಮ್ಮನಿಗೆ ಅರ್ಧ ಸಿಟ್ಟು ಬಂದಾಗಿತ್ತು. ಉಳಿದರ್ಧ ಒಳಗೆ ಹೋದ ಮೇಲೆ ಬಂತು. ಅವಳಿಗೆ ಆ ಹೆಸರಿಟ್ಟ ಅಜ್ಜಿ ಬದುಕಿದ್ದು ಆ ದಿನ ಅವಳ ಮುಖ ನೋಡಿದ್ದರೆ, ತಪ್ಪಾಯಿತು ಅಂತ ಬೇರೆ ಹೆಸರು ಹುಡುಕುತ್ತಿದ್ದಳೋ ಏನೋ.

ಮೊದಲರ್ಧಕ್ಕೆ ಕಾರಣ ಶ್ರಾವ್ಯಾಳ ಕಾರು. ಶ್ರಾವ್ಯಾ ಗಂಡನ ತಮ್ಮನ ಮಗಳು, ತೀರ್ಥಹಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ಹುಡುಗಿ ಬಂಗಾರ. ಕಾರಿನ ಸೀಟು ಮಾತ್ರ ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಅದರೊಳಗಿಂದ ಗಂಡ ಸುರೇಂದ್ರಗೌಡರನ್ನು ಹೊರಗೆ ತೆಗೆಯುವುದೆಂದರೆ ಬಾಗಿಲ ಸಂದಿಗೆ ತಾನು ಅರ್ಧ ತೂರಿ, ಅವರ ಎರಡೂ ಕಂಕುಳಿಗೆ ಕೈ ಹಾಕಿ, ಬೆನ್ನು ತಿರುಚಿ, ಉಸಿರು ಬಿಗಿಹಿಡಿದು ಎಳೆಯಬೇಕು. ಎಳೆದಳು. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಕರೆಂಟು ಹೊಡೆದ ಹಾಗಾಯಿತು. ಗೌಡರು ನೆಟ್ಟಗೆ ನಿಂತು, ಪಂಚೆ ಸರಿಮಾಡಿಕೊಂಡು, "ನಿಧಾನ ಮಾರಾಯ್ತಿ, ಅಂಗಿ ಹರೀತದೆ" ಅಂದರು. ಅಂಗಿಯ ಚಿಂತೆ ಅವರಿಗೆ.

ಈ ಎತ್ತುವ ಕೆಲಸ ಶುರುವಾಗಿ ಎರಡು ವರ್ಷ. ಪವರ್ ಟಿಲ್ಲರಿನಿಂದ ಇಳಿಯುವಾಗ ಗೌಡರು ಜಾರಿ ಬಿದ್ದರು, ಬಲತೊಡೆಯ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ರಾಡ್ ಹಾಕಿದರು, ಮೂಳೆ ಕೂಡಿಕೊಂಡಿತು, ಇನ್ನು ಆರಾಮಾಗಿ ಓಡಾಡಿ ಅಂತ ಡಾಕ್ಟರು ಹೇಳಿ ಕಳಿಸಿದರು. ಆದರೆ ಆ ಕಾಲಿಗೆ ಬಲ ಬರಲಿಲ್ಲ. ನಿಲ್ಲಿಸಿದರೆ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವರು, ಕೂತರೆ ಏಳಲಾರರು. ಹಾಗಾದರೆ ಕುರ್ಚಿಯಲ್ಲಿ ಕೂತು ಉಣ್ಣಿ ಅಂದರೆ ಅದೂ ಆಗದು. ಅವರ ಮನೆತನದಲ್ಲಿ ಗಂಡಸರು ನೆಲಕ್ಕೆ ಮಣೆ ಹಾಕಿ ಉಣ್ಣುವವರು. ತಾನು ಕಾಲು ಇಳಿಬಿಟ್ಟು ಟೇಬಲ್ಲಿನಲ್ಲಿ ಉಂಡರೆ ತೀರಿಹೋದ ಅಪ್ಪನಿಗೆ ಅವಮಾನ. ಹೀಗಾಗಿ ತಿಂಡಿಗೊಮ್ಮೆ, ಮಧ್ಯಾಹ್ನದ ಊಟಕ್ಕೊಮ್ಮೆ, ರಾತ್ರಿಗೊಮ್ಮೆ ಗೌಡರು ನೆಲಕ್ಕೆ ಇಳಿಯುವುದು, ಶಾಂತಮ್ಮ ಎತ್ತುವುದು. ಅಪ್ಪನ ಮರ್ಯಾದೆ ಅವರದು, ಸೊಂಟ ಅವಳದು.

ಅದಕ್ಕೆ ಮೊದಲು ಶಾಂತಮ್ಮನಿಗೆ ಒಂದು ಟೈಲರಿಂಗ್ ಅಂಗಡಿ ಇತ್ತು. ಊರಿನ ಬಸ್‌ಸ್ಟಾಪಿನ ಪಕ್ಕದ ಸಣ್ಣ ಮಳಿಗೆ, ಒಂದು ತುಳಿಯುವ ಮಿಷನ್ನು. ರವಿಕೆ ಹೊಲಿಯುತ್ತಿದ್ದಳು, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಬಸ್ಸಿಗೆ ಕಾಯುವ ಹೆಂಗಸರು ಅಲ್ಲೇ ಬೆಂಚಿನ ಮೇಲೆ ಕೂತು ಊರ ಸುದ್ದಿಯನ್ನೆಲ್ಲ ಜಾಲಾಡಿ ಹೋಗುತ್ತಿದ್ದರು. ಗೌಡರು ಬಿದ್ದ ತಿಂಗಳೇ ಅಂಗಡಿ ಮುಚ್ಚಿತು. ಮಿಷನ್ನನ್ನು ಗೌಡರೇ ಆಳುಗಳಿಗೆ ಹೇಳಿ ಉಗ್ರಾಣದಲ್ಲಿ ಭತ್ತದ ಚೀಲಗಳ ಹಿಂದೆ ಇಡಿಸಿದರು. ಇವರು ಹುಷಾರಾಗಲಿ, ಆಮೇಲೆ ತೆಗೆದರಾಯಿತು ಅಂತ ಶಾಂತಮ್ಮ ಸುಮ್ಮನಿದ್ದಳು.

ನೆಂಟರಿಷ್ಟರು ಮಾತ್ರ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಮದುವೆ ಮುಂಜಿಯಲ್ಲಿ ಅವಳು ಗಂಡನನ್ನು ನೆಲದಿಂದ ಎತ್ತಿ ನಿಲ್ಲಿಸುವುದನ್ನು ನೋಡಿ, "ಇಂಥ ಹೆಂಡ್ತಿ ಸಿಗಕ್ಕೆ ಪುಣ್ಯ ಮಾಡಿರಬೇಕು" ಅನ್ನುತ್ತಿದ್ದರು. ಮೊದಮೊದಲು ಆ ಮಾತು ಅವಳಿಗೂ ಹಿತವಾಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಹಾಗೆ ಹೊಗಳಿದವರಲ್ಲಿ ಒಬ್ಬರಾದರೂ ಮುಂದೆ ಬಂದು ಇನ್ನೊಂದು ಕಂಕುಳಿಗೆ ಕೈ ಹಾಕಿದ್ದಿಲ್ಲ.

ಆ ದಿನ ಹೊಸನಗರದಲ್ಲಿ ಗೌಡರ ತಂಗಿ ಲೀಲಾವತಿಯ ಮಗ ದೀಪಕನ ಬೀಗರೂಟ. ಹೋಗುವುದೇ ಆದರೆ ಬೆಳಿಗ್ಗೆ ಬೇಗ ಹೊರಟು, ಸಾಗರದಲ್ಲಿ ಒಬ್ಬರು ಒಳ್ಳೆಯ ಫಿಸಿಯೋಥೆರಪಿಯವರು ಇದ್ದಾರೆ, ದೊಡ್ಡಪ್ಪನನ್ನು ತೋರಿಸಿ, ಮಧ್ಯಾಹ್ನಕ್ಕೆ ಊಟಕ್ಕೆ ಹೋಗೋಣ ಅಂತ ಶ್ರಾವ್ಯಾ ಹೇಳಿದ್ದಳು. ಬ್ಯಾಂಕಿನ ಮ್ಯಾನೇಜರರ ಭುಜದ ನೋವು ಅಲ್ಲೇ ವಾಸಿಯಾದದ್ದಂತೆ.

ಒಳಗೆ ಕೂತಿದ್ದವಳ ಹೆಸರು ವಿನಯಾ. ಹೆಗ್ಗೋಡಿನ ಕಡೆಯವಳು, ಮೂವತ್ತರ ಆಸುಪಾಸು, ಕಾಲಿಗೆ ಬಿಳಿ ಬೂಟು. "ಅಮಾ, ಆನು ಆಮೇಲೆ ಮಾತಾಡ್ತಿ, ಪೇಷೆಂಟ್ ಬೈಂದ" ಅಂತ ತಾಯಿಗೆ ಹವ್ಯಕ ಮಾತಿನಲ್ಲಿ ಹೇಳಿ ಫೋನಿಟ್ಟು ಎದ್ದು ಬಂದಳು. ಕೈ ಹಿಡಿದು ನೋಡಲಿಲ್ಲ, ಎಲ್ಲಿ ನೋವು ಅಂತ ಕೂಡ ಮೊದಲು ಕೇಳಲಿಲ್ಲ. ಗೋಡೆಯ ಮೇಲೆ ಅಡ್ಡಡ್ಡ ಉದ್ದುದ್ದ ಕಪ್ಪು ಗೆರೆ ಎಳೆದಿತ್ತು. ಗೌಡರನ್ನು ಅದರ ಮುಂದೆ ನಿಲ್ಲಿಸಿ ಎದುರಿನಿಂದ ನೋಡಿದಳು, ಪಕ್ಕದಿಂದ ನೋಡಿದಳು, ಹಿಂದಿನಿಂದ ನೋಡಿದಳು. ಎರಡು ಭುಜ ಸಮ ಇದೆಯಾ, ಸೊಂಟ ಯಾವ ಕಡೆ ವಾಲಿದೆ, ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಎಲ್ಲ ಆ ಗೆರೆಗಳ ಮೇಲೆ ಗೊತ್ತಾಗುತ್ತದಂತೆ.

"ಹೆಣ್ಣು ನೋಡಕ್ಕೆ ಬಂದೋರು ನೋಡಿದ ಹಂಗೆ ನೋಡ್ತೀರಲ್ಲ" ಅಂತ ಗೌಡರು ನಕ್ಕರು. ಪರವೂರಿನಲ್ಲಿ ಗೌಡರಿಗೆ ತಮಾಷೆ ಚೆನ್ನಾಗಿಯೇ ಬರುತ್ತದೆ.

ವಿನಯಾಳೂ ನಕ್ಕಳು. "ಆ ಕುರ್ಚೀಲಿ ಕೂತು ಎದ್ದೇಳಿ ನೋಡಣ ಗೌಡ್ರೇ."

ಗೌಡರು ಕೂತರು, ಹೆಂಡತಿಯ ಕಡೆ ನೋಡಿದರು. ಶಾಂತಮ್ಮ ಯೋಚನೆ ಕೂಡ ಮಾಡದೆ ಹೋಗಿ, ಬಗ್ಗಿ, ಕಂಕುಳಿಗೆ ಕೈ ಹಾಕಿ ಎತ್ತಿದಳು. ವಿನಯಾ ತಡೆಯಲಿಲ್ಲ. ಆದರೆ ನಗು ಹೋಗಿತ್ತು, ಕಣ್ಣು ಗೌಡರನ್ನು ಬಿಟ್ಟು ಶಾಂತಮ್ಮನ ಮೇಲೆ ನಿಂತಿತ್ತು.

"ಅಮ್ಮಾ, ಯಾವಾಗ್ಲೂ ಹೀಗೇ ಎತ್ತೋದಾ?"

"ಹೌದು."

"ಕುರ್ಚಿಯಿಂದಾನಾ?"

"ನೆಲದಿಂದ."

"ಒಂದ್ಸಲ ಚಪ್ಪಲಿ ಬಿಟ್ಟು ಆ ಕಿಟಕಿ ತನಕ ನಡೆದು ಬನ್ನಿ."

"ಯಾರು, ಇವ್ರಾ?"

"ಅಲ್ಲ, ನೀವು."

ಗೌಡರು ಕೋಲನ್ನು ನೆಲಕ್ಕೆ ಕುಟ್ಟಿದರು. "ಪೇಷೆಂಟ್ ನಾನು. ಅವಳಿಗೆಂಥ ಆಗಿದೆ, ಕಲ್ಲುಗುಂಡಿನ ಹಂಗಿದಾಳೆ."

"ಗೊತ್ತು ಗೌಡ್ರೇ. ನೀವು ಸ್ವಲ್ಪ ಕೂತಿರಿ" ಅಂದಳು ವಿನಯಾ.

ಶಾಂತಮ್ಮ ನಡೆದಳು. ಟೈಲ್ಸಿನ ನೆಲದ ಮೇಲೆ ಬಲಗಾಲಿನದು ಸದ್ದಿಲ್ಲ, ಎಡಗಾಲಿನದು ಟಪ್ ಟಪ್ ಅಂತ ಕೇಳಿತು. ಈ ಸದ್ದು ಅವಳಿಗೆ ಹೊಸದಲ್ಲ. ಹಾಳು ಚಪ್ಪಲಿ ಸಡಿಲಾಗಿದೆ ಅಂತ ಅದನ್ನು ಬೈದು ಒಂದು ಜೊತೆ ಎಸೆದು ಇನ್ನೊಂದು ತಂದಿದ್ದಳು, ಅದನ್ನೂ ಬೈದಿದ್ದಳು. ಈಗ ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ, ಸದ್ದು ಮಾತ್ರ ಇತ್ತು.

"ಈಗ ಹಿಮ್ಮಡಿ ಮೇಲೆ ನಿಂತು, ಬೆರಳು ಮೇಲೆತ್ತಿ ನಡೀರಿ."

ಬಲಗಾಲಿನ ಬೆರಳುಗಳು ಹೇಳಿದ್ದು ಕೇಳಿದವು. ಎಡಗಾಲಿನವು ಕೇಳಲಿಲ್ಲ. ಶಾಂತಮ್ಮ ತನ್ನ ಹೆಬ್ಬೆರಳನ್ನು ನೋಡಿ, ಏಳು ಅಂತ ಮನಸ್ಸಿನಲ್ಲೇ ಗದರಿಸಿದಳು. ಅದು ಬಿದ್ದುಕೊಂಡೇ ಇತ್ತು. ಐವತ್ತನಾಲ್ಕು ವರ್ಷ ಹೇಳಿದ ಹಾಗೆ ಕೇಳಿದ ಬೆರಳು.

ವಿನಯಾ ಅವಳನ್ನು ಮಂಚದ ಮೇಲೆ ಕೂರಿಸಿ, ಪಾದ ಹಿಡಿದು ಒತ್ತಿ, ಮಡಚಿ, ಅಲ್ಲಲ್ಲಿ ಮುಟ್ಟಿ ಗೊತ್ತಾಗುತ್ತದಾ ಅಂತ ಕೇಳಿ, ಆಮೇಲೆ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಮಾತು ಸುತ್ತುಬಳಸಿರಲಿಲ್ಲ. ಸೊಂಟದಲ್ಲಿ ನರ ಒತ್ತಿಕೊಂಡಿರೋ ಹಾಗೆ ಕಾಣ್ತದೆ, ಬಗ್ಗಿ ತಿರುಚಿ ಭಾರ ಎತ್ತಿ ಎತ್ತಿ ಹೀಗಾಗಿರಬಹುದು. ನಾಳೆಯೇ ದೊಡ್ಡ ಡಾಕ್ಟರಿಗೆ ತೋರಿಸಿ ಸ್ಕ್ಯಾನ್ ಮಾಡಿಸಬೇಕು. ತಡ ಮಾಡದಿದ್ದರೆ ಪಾದ ವಾಪಸ್ ಬರಬಹುದು.

"ಇನ್ನು ಮೇಲೆ ಇವರನ್ನ ಎತ್ತಬೇಡಿ ಅಮ್ಮಾ. ಒಂದ್ಸಲನೂ ಬೇಡ. ಇನ್ನೊಂದ್ಸಲ ಎತ್ತಿದ್ರೆ ಆ ಪಾದ ಪೂರ್ತಿ ಹೋದ್ರೂ ಹೋಯ್ತು."

"ನಂದು ಹೊಲಿಗೆ ಮಿಷನ್ ಇದೆ" ಅಂದಳು ಶಾಂತಮ್ಮ. ಯಾಕೆ ಅದೇ ಮೊದಲು ಬಾಯಿಗೆ ಬಂತೋ ಅವಳಿಗೇ ಗೊತ್ತಾಗಲಿಲ್ಲ. "ತುಳಿಯೋದು."

"ತುಳಿಯಬಹುದು. ನೋವು ಇಳಿದ ಮೇಲೆ ಅದು ಪಾದಕ್ಕೆ ಒಳ್ಳೇದೇ. ಎತ್ತೋದು ಮಾತ್ರ ಬೇಡ."

ಆಗ ಗೌಡರು ಬಾಯಿ ತೆರೆದರು. ನರ ಅಂದರೇನು ಅಂತ ಕೇಳಲಿಲ್ಲ, ಎಲ್ಲಿ ನೋವು ಅಂತ ಕೇಳಲಿಲ್ಲ, ಅವಳ ಪಾದದ ಕಡೆ ನೋಡಲೂ ಇಲ್ಲ.

"ಹಂಗಾದ್ರೆ ನನ್ನ ಎತ್ತೋದು ಯಾರು?"

ಸಿಟ್ಟಿನ ಉಳಿದರ್ಧ ಬಂದದ್ದು ಆಗ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಮನುಷ್ಯ, ಹೆಂಡತಿಯ ಕಾಲು ಹೋಗುತ್ತದೆ ಅಂದರೆ ಕೇಳುವ ಮಾತಾ ಇದು. ಎದೆಯೊಳಗಿಂದ ಏನೋ ಬಾಯಿಯವರೆಗೆ ಬಂತು, ಹುಡುಗಿಯರ ಮುಂದೆ ಬೇಡ ಅಂತ ನುಂಗಿಕೊಂಡಳು.

"ಅದನ್ನೇ ಈಗ ನೋಡಣ" ಅಂತ ವಿನಯಾ ಗೌಡರನ್ನು ಮಂಚದ ಮೇಲೆ ಅಂಗಾತ ಮಲಗಿಸಿದಳು. ಎರಡೂ ತೊಡೆಗೆ ಟೇಪು ಸುತ್ತಿ ನೋಡಿದಳು. ದರ್ಜಿ ಶಾಂತಮ್ಮನಿಗೆ ಟೇಪು ಓದಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡರ ಸುತ್ತಳತೆಯೂ ಒಂದೇ. ಎರಡು ವರ್ಷ ಕೆಲಸ ಮಾಡದ ಕಾಲು ಇಷ್ಟು ಹೊತ್ತಿಗೆ ಸೊರಗಿರಬೇಕಿತ್ತು ಅಂತ ವಿನಯಾ ಮೆಲ್ಲಗೆ ಹೇಳಿದಳು. ಆಮೇಲೆ ಬಲಹಿಮ್ಮಡಿಯಿಂದ ಮಂಚವನ್ನು ಒತ್ತಲು ಹೇಳಿದಳು. ಗೌಡರು ಮುಖ ಕಿವುಚಿ, ಕಾಲು ನಡುಗಿಸಿ, "ಆಗಲ್ಲ ಮಾರಾಯ್ರೆ" ಅಂದರು.

"ಆಯ್ತು, ಅದನ್ನ ಬಿಡಿ. ಈಗ ಎಡಗಾಲು ಮೇಲೆತ್ತಿ. ಎಡದ್ದು."

ಹಾಗೆ ಹೇಳುವಾಗ ವಿನಯಾಳ ಕೈ ಬಲಹಿಮ್ಮಡಿಯ ಕೆಳಗೆ ಇತ್ತು. ಗೌಡರು ಎಡಗಾಲು ಎತ್ತಿದರು. ವಿನಯಾ ಶಾಂತಮ್ಮನನ್ನು ಹತ್ತಿರ ಕರೆದು, "ನೀವೇ ಇಲ್ಲಿ ಕೈ ಇಡಿ" ಅಂದಳು.

ಶಾಂತಮ್ಮ ಗಂಡನ ಬಲಹಿಮ್ಮಡಿಯ ಕೆಳಗೆ ಅಂಗೈ ಇಟ್ಟಳು. ಗೌಡರು ಮತ್ತೆ ಎಡಗಾಲು ಎತ್ತಿದರು. ಅವಳ ಕೈಯ ಮೇಲೆ ಆ ಹಿಮ್ಮಡಿ ಕೂತಿತು. ಸುಮ್ಮನೆ ತಾಗಿದ್ದಲ್ಲ, ಒತ್ತಿತು. ಬೆರಳ ಗೆಣ್ಣುಗಳು ಮಂಚದ ಹಲಗೆಗೆ ಅಮರಿ ನೋಯುವಷ್ಟು ಜೋರಾಗಿ ಒತ್ತಿತು. ಸತ್ತಿದೆ ಅಂತ ಎರಡು ವರ್ಷ ನಂಬಿಸಿದ ಕಾಲು. ಅವಳು ಕೈ ತೆಗೆಯಲಿಲ್ಲ. "ಇನ್ನೊಂದ್ಸಲ ಎತ್ತಿ" ಅಂದಳು. ಅವರು ಎತ್ತಿದರು, ಹಿಮ್ಮಡಿ ಮತ್ತೆ ಒತ್ತಿತು.

"ಒಂದು ಕಾಲು ಎತ್ತಬೇಕಾದ್ರೆ ಇನ್ನೊಂದು ಕಾಲು ಕೆಳಗೆ ಊರಲೇ ಬೇಕು" ಅಂತ ವಿನಯಾ ವಿವರಿಸಿದಳು. "ಇದು ಬೇಕು ಅಂತ ಮಾಡೋದಲ್ಲ, ಮೈ ತಾನಾಗಿ ಮಾಡ್ತದೆ. ಕಾಲಿಗೆ ಬಲ ಇದೆ ಗೌಡ್ರೇ. ನೀವು ನಾಟಕ ಮಾಡ್ತಿದ್ದೀರಿ ಅಂತ ನಾನು ಹೇಳ್ತಿಲ್ಲ. ಬಿದ್ದ ಹೆದರಿಕೆ ಕೆಲವರಿಗೆ ಹಾಗೇ ಉಳ್ಕೊಂಡು ಬಿಡ್ತದೆ. ದಿನಾ ಅಭ್ಯಾಸ ಮಾಡಿದ್ರೆ ನೆಲದಿಂದ ನೀವೇ ಏಳ್ತೀರಿ. ಈಗಲೇ ತೋರಿಸಿಕೊಡ್ತೀನಿ."

ಅವಳೇ ಚಾಪೆಯ ಮೇಲೆ ಕೂತು, ಪಕ್ಕಕ್ಕೆ ತಿರುಗಿ, ಕೈ ಊರಿ, ಒಂದು ಮಂಡಿ ನೆಲಕ್ಕೆ ಕೊಟ್ಟು ಎದ್ದು ತೋರಿಸಿದಳು. ಮೂಲೆಯಲ್ಲಿದ್ದ ಒಂದು ಪೆಟ್ಟಿಗೆಯನ್ನು ಎತ್ತಿ ಇಟ್ಟು, ಭಾರ ಎತ್ತುವವರು ಬೆನ್ನು ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು ಅಂತಲೂ ತೋರಿಸಿದಳು. ಗೌಡರು ಗೋಡೆಯ ಗಡಿಯಾರ ನೋಡುತ್ತಿದ್ದರು. "ಇವತ್ತು ಬ್ಯಾಡ. ಬೀಗರೂಟಕ್ಕೆ ಹೊತ್ತಾಯ್ತು" ಅಂದರು. ಶ್ರಾವ್ಯಾ ಮತ್ತು ವಿನಯಾ ಕೈಕೊಟ್ಟು ಅವರನ್ನು ಎಬ್ಬಿಸಿದರು. ಶಾಂತಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು.

ಕಾರು ಬಟ್ಟೆಮಲ್ಲಪ್ಪ ದಾಟಿತು. ಗೌಡರು ಮುಂದೆ, ಶಾಂತಮ್ಮ ಹಿಂದೆ. ಅವಳ ಅಂಗೈಯಲ್ಲಿ ಆ ಹಿಮ್ಮಡಿ ಇನ್ನೂ ಕೂತೇ ಇತ್ತು. ಹುಡುಗಿ ಹೇಳಿದ ಹಾಗೆ ಹೆದರಿಕೆಯೇ ಇದ್ದರೂ ಇರಬಹುದು ಅಂತ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಿದ್ದವರಿಗೆ ಹೆದರಿಕೆ ಇರುತ್ತದೆ, ಪಾಪ. ಆದರೆ ಅಷ್ಟರಲ್ಲಿ ಉಪ್ಪಿನಕಾಯಿ ಭರಣಿ ನೆನಪಾಯಿತು. ಒಂದು ದಿನ ಅವಳು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ, ಮೇಲಿನ ಹಲಗೆಯಲ್ಲಿದ್ದ ಮಿಡಿಯ ಭರಣಿ ಕೆಳಗೆ ಬಂದು ಕೂತಿತ್ತು. ಕೆಲಸದ ದುರ್ಗಮ್ಮ ತೆಗೆದುಕೊಟ್ಟಳು ಅಂತ ಗೌಡರು ಹೇಳಿದ್ದರು. ದುರ್ಗಮ್ಮ ಆ ವಾರವೆಲ್ಲ ಮಗಳ ಬಾಣಂತನಕ್ಕೆ ಹೋಗಿದ್ದಳು.

"ಯಾವಾಗಿಂದ?" ಅಂದಳು ಶಾಂತಮ್ಮ.

"ಎಂಥ ಯಾವಾಗಿಂದ?"

"ಕಾಲಿಗೆ ಬಲ ಬಂದಿದ್ದು."

"ಆ ಹುಡುಗಿ ಎಂಥದೋ ಹೇಳಿದ್ಲು ಅಂತ—"

"ಹುಡುಗಿ ಸುದ್ದಿ ಬ್ಯಾಡ. ಭರಣಿ ಇಳಿಸಿದ್ದು ದುರ್ಗಮ್ಮ ಅಲ್ಲ. ಯಾವಾಗಿಂದ ಹೇಳಿ."

ಶ್ರಾವ್ಯಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಗೌಡರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಹೋದ ದೀಪಾವಳಿ ಹೊತ್ತಿಗೆ ಅಡ್ಡಿಲ್ಲ ಅನ್ನಿಸ್ತು" ಅಂದರು.

"ಮತ್ತೆ ಯಾಕೆ ಹೇಳಲಿಲ್ಲ?"

"ನೀ ಎತ್ತುತಿದ್ಯಲ್ಲ."

ಅಷ್ಟೇ. ನೀ ಎತ್ತುತಿದ್ಯಲ್ಲ. ನಲ್ಲಿಯಲ್ಲಿ ನೀರು ಬರುತ್ತಿತ್ತಲ್ಲ, ಬಾವಿಗೆ ಯಾಕೆ ಹೋಗಲಿ ಅನ್ನುವಷ್ಟು ಸಲೀಸಾಗಿ ಹೇಳಿದರು. ಆಮೇಲೆ ಅದು ಸಾಲದು ಅಂತ ಅವರಿಗೂ ಅನ್ನಿಸಿರಬೇಕು. "ನಾ ಎದ್ದು ಓಡಾಡಿದ್ರೆ ನೀ ಮತ್ತೆ ಅಂಗಡಿ ಅಂತ ಹೋಗ್ತಿ. ದಿನವಿಡೀ ಮನೇಲಿ ನಾ ಒಬ್ನೇ ಎಂಥ ಮಾಡ್ಲಿ? ನೀ ಬಂದು ಎತ್ತಿದ್ರೆ ಒಂಥರಾ ಧೈರ್ಯ ಇರ್ತಿತ್ತು" ಅಂತ ಸೇರಿಸಿದರು.

ಬೇರೆ ದಿನವಾಗಿದ್ದರೆ ಆ ಕೊನೆಯ ಮಾತಿಗೆ ಶಾಂತಮ್ಮ ಕರಗುತ್ತಿದ್ದಳು. ಈಗ ಅವಳಿಗೆ ಮೈಯೆಲ್ಲ ಉರಿಯಿತು. ದೀಪಾವಳಿಯಿಂದ ಇಲ್ಲಿಯ ತನಕ ದಿನಕ್ಕೆ ಮೂರು ಹೊತ್ತು ಇವರ ಧೈರ್ಯಕ್ಕೆ ತನ್ನ ಬೆನ್ನು. ದೀಪಾವಳಿಯಲ್ಲಿ ಅವಳ ಬೆರಳು ಏಳುತ್ತಿತ್ತು. ಯುಗಾದಿಯಲ್ಲೂ ಏಳುತ್ತಿತ್ತು, ನೆನಪಿದೆ, ಕಾಲುಂಗುರ ತೊಳೆಯುವಾಗ ನೋಡಿದ್ದಳು. ಇವರು ಒಂದು ಮಾತು ಹೇಳಿದ್ದರೆ ಈಗಲೂ ಏಳುತ್ತಿತ್ತು. ಅವಳು ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅಳು ಬರಲಿಲ್ಲ. ಬಂದಿದ್ದರೂ ಇವರ ಮುಂದೆ ಅಳುವವಳಲ್ಲ.

ಹೊಸನಗರದ ಮನೆಯ ಮುಂದೆ ಚಪ್ಪರ, ಚಪ್ಪರದೊಳಗೆ ಜನ, ಜನರ ಮೇಲೆ ಕೋಳಿಸಾರಿನ ಘಮ. ದೀಪಕ ಓಡಿ ಬಂದು ಕೈಕೊಟ್ಟು ಮಾವನನ್ನು ಕಾರಿನಿಂದ ಇಳಿಸಿದ. ಬೀಗರ ಕಡೆಯವರು ಬಂದು ಕೈಮುಗಿದರು. ಮದುಮಗನ ಸೋದರಮಾವ ಅಂದರೆ ಸುಮ್ಮನೆಯಾ.

"ಮಾವ, ನಿಮಗೆ ಆ ಕಡೆ ಟೇಬಲ್ ಹಾಕ್ಸಿದೀನಿ, ಆರಾಮ ಕೂತು ಊಟ ಮಾಡಿ" ಅಂದ ದೀಪಕ.

ಗೌಡರು ಟೇಬಲ್ಲಿನ ಕಡೆ ನೋಡಲಿಲ್ಲ, ನೇರ ಶಾಂತಮ್ಮನನ್ನು ನೋಡಿದರು. "ಟೇಬಲ್ ಬ್ಯಾಡ. ಬೀಗರ ಜೊತೆ ಸಾಲಿನಲ್ಲೇ ಕೂರ್ತೀನಿ. ಎತ್ತಕ್ಕೆ ನಿನ್ನ ಅತ್ತೆ ಇದಾಳಲ್ಲ."

ಶಾಂತಮ್ಮನಿಗೆ ಅರ್ಥವಾಯಿತು. ಕಾರಿನಲ್ಲಿ ಎಷ್ಟು ಬೇಕಾದರೂ ಮಾತಾಡಲಿ, ಇಷ್ಟು ಜನರ ಎದುರು ಇವಳು ಇಲ್ಲ ಅನ್ನಲಾರಳು ಅನ್ನುವ ಧೈರ್ಯ ಅದು. ಇವತ್ತು ಎತ್ತಿದಳೆಂದರೆ ನಾಳೆಯೂ ಎತ್ತುತ್ತಾಳೆ, ಸಾಗರದ ಮಾತು ಸಾಗರದಲ್ಲೇ ಉಳಿಯುತ್ತದೆ. ಅವಳು ಚಪ್ಪರದ ಕಂಬದ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತಳು. ಬಡಿಸಲು ಬಾ ಅಂತ ಯಾರೋ ಕರೆದದ್ದಕ್ಕೆ, ಕಾಲು ನೋವು ಅಂದಳು.

ಆ ಕಡೆಯ ಮನೆಗಳಲ್ಲಿ ಒಂದು ಪದ್ಧತಿ. ಸಾಲಿನ ತಲೆಯಲ್ಲಿ ಕೂತ ಹಿರಿಯರು ಏಳದೆ ಉಳಿದವರು ಏಳುವಂತಿಲ್ಲ, ಎಷ್ಟು ಹೊತ್ತಾದರೂ ಕೈ ಒಣಗಿ ಅಂಟಾದರೂ ಎಲೆಯ ಮುಂದೆ ಕೂತಿರಬೇಕು. ಗೌಡರು ಸಾಲಿನ ತಲೆಯಲ್ಲಿ, ಪಕ್ಕದಲ್ಲಿ ಹೆಣ್ಣಿನ ಅಪ್ಪ, ಆಚೆಗೆ ಎರಡೂ ಕಡೆಯ ಗಂಡಸರು. ಕಡುಬು ಬಂತು, ಸಾರು ಬಂತು, ಚಾಪ್ಸು ಬಂತು. ಗೌಡರು ಚೆನ್ನಾಗಿ ಉಂಡರು, ಬೀಗರನ್ನು ನಗಿಸಿದರು, ಎರಡು ಸಲ ಸಾರು ಹಾಕಿಸಿಕೊಂಡರು. ಕೊನೆಗೆ ಎಲೆ ಮಡಚಿ, ಎಡಗೈಯನ್ನು ಸ್ವಲ್ಪ ಮೇಲೆತ್ತಿ, ತಿರುಗಿ ನೋಡದೆ, "ಶಾಂತಾ" ಅಂದರು.

ಶಾಂತಮ್ಮ ಎದ್ದಳು. ಟಪ್ ಟಪ್ ಅಂತ ನಡೆದು ಬಂದು ಗಂಡನ ಎದುರಿಗೆ ನಿಂತಳು. ಬಗ್ಗಲಿಲ್ಲ.

"ನೀವೇ ಏಳಿ" ಅಂದಳು.

ಗೌಡರ ಕೈ ಗಾಳಿಯಲ್ಲೇ ಉಳಿಯಿತು. "ಎಂಥ ತಮಾಷೆ ಇದು. ಜನ ಕಾಯ್ತಿದಾರೆ."

"ಕಾಯಲಿ."

ಲೀಲಾವತಿ ಸಾರಿನ ಬಕೆಟ್ಟು ಹಿಡಿದವಳು ಅಲ್ಲಿಂದಲೇ, "ಎಂಥ ಅತ್ತಿಗೆ ಹಿಂಗೆ, ಎತ್ತಿ ಪಾಪ, ಅಣ್ಣಯ್ಯಂಗೆ ಕಾಲಿಗಾಗಲ್ಲ" ಅಂದಳು. ಇಬ್ಬರು ಹುಡುಗರು ತಾವೇ ಎತ್ತುತ್ತೇವೆ ಅಂತ ಮುಂದೆ ಬಂದರು.

"ಯಾರೂ ಮುಟ್ಟಬ್ಯಾಡಿ" ಅಂದಳು ಶಾಂತಮ್ಮ. ದನಿ ಏರಿಸಿರಲಿಲ್ಲ, ಆದರೂ ಹುಡುಗರು ನಿಂತ ಕಡೆಯೇ ನಿಂತರು. "ಅವ್ರಿಗೆ ಏಳಕ್ಕೆ ಬರ್ತದೆ. ನನ್ನ ಎಡಗಾಲು ಹೋಗ್ತಾ ಇದೆ. ಇನ್ನೊಂದ್ಸಲ ಇವ್ರನ್ನ ಎತ್ತಿದ್ರೆ ಪೂರ್ತಿ ಹೋಗ್ತದೆ ಅಂತ ಬೆಳಿಗ್ಗೆ ಇವ್ರೆದುರಿಗೇ ಹೇಳಿದಾರೆ. ಕೇಳಿಯೂ ನೆಲಕ್ಕೆ ಕೂತಿದಾರೆ."

ಗೌಡರ ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು. "ಮನೆಗೆ ಬಾ, ಮಾತಾಡಣ" ಅಂತ ಹಲ್ಲು ಕಚ್ಚಿ ಹೇಳಿದರು.

"ಮನೆಗೆ ಹೋಗಕ್ಕೆ ಮೊದ್ಲು ಇಲ್ಲಿಂದ ಏಳಬೇಕಲ್ಲ."

ಸಾಲಿನಲ್ಲಿ ಕೂತವರೆಲ್ಲ ತಮ್ಮ ತಮ್ಮ ಎಲೆ ನೋಡುತ್ತಿದ್ದರು. ಹೆಣ್ಣಿನ ಅಪ್ಪ ಒಣಗಿದ ಕೈಯನ್ನು ಎಲೆಯ ಮೇಲೆ ಹಿಡಿದುಕೊಂಡು, ಏಳಲೂ ಆಗದೆ ಕೂರಲೂ ಆಗದೆ, ಅಲ್ಲೇ ಅಲುಗಾಡಿದರು. ಶಾಂತಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವರು ಏಳದೇ ಹೋದರೆ, ಸಾಗರದ ಹುಡುಗಿಯ ಮಾತೇ ಸುಳ್ಳಾದರೆ, ಇಷ್ಟು ಜನರ ಮುಂದೆ ತಾನು ರಾಕ್ಷಸಿ. ಅಂಗೈಯನ್ನು ಒಮ್ಮೆ ಸೀರೆಗೆ ಒರೆಸಿಕೊಂಡಳು. ಸುಳ್ಳಲ್ಲ, ಕೈಗೆ ಗೊತ್ತಿದೆ.

ಗೌಡರು ಸುತ್ತ ನೋಡಿದರು. ಹೆಂಡತಿಯ ಮುಖ ನೋಡಿದರು. ಆಮೇಲೆ ಎಡಗೈ ನೆಲಕ್ಕೆ ಊರಿ, ಪಕ್ಕಕ್ಕೆ ತಿರುಗಿ, ಎಡಮಂಡಿ ನೆಲಕ್ಕೆ ಕೊಟ್ಟು, ಬಲಪಾದವನ್ನು ಮುಂದೆ ಇಟ್ಟರು. ಆ ಪಾದದ ಮೇಲೆ ಪೂರ್ತಿ ಭಾರ ಹಾಕಿ, ಯಾರನ್ನೂ ಹಿಡಿಯದೆ ಎದ್ದು ನಿಂತರು. ಏಳುವಾಗ ಕಾಲು ನಡುಗಲೂ ಇಲ್ಲ.

ಸಾಲಿಗೆ ಸಾಲೇ ದಡಬಡ ಎದ್ದಿತು. "ನೋಡಿದ್ರಾ ಅತ್ತಿಗೆ" ಅಂತ ಲೀಲಾವತಿ ಕಣ್ಣೊರೆಸಿಕೊಂಡಳು. "ದೇವರು ದೊಡ್ಡವನು. ಎರಡು ವರ್ಷ ನೀವು ಎತ್ತಿ ಇಳಿಸಿದ್ದು ಇವತ್ತು ಸಾರ್ಥಕ ಆಯ್ತು."

"ಸಾರ್ಥಕ ಆಗಿದ್ದು ದೀಪಾವಳಿಗೇ" ಅಂದಳು ಶಾಂತಮ್ಮ. "ನಂಗೆ ಇವತ್ತು ಗೊತ್ತಾಗಿದ್ದು."

ಲೀಲಾವತಿ ಅಣ್ಣನ ಮುಖ ನೋಡಿದಳು. ಅಣ್ಣ ಕೈ ತೊಳೆಯಲು ಹೊರಟಿದ್ದರು. ಕೋಲು ಎಲೆಯ ಪಕ್ಕ ನೆಲದ ಮೇಲೇ ಬಿದ್ದಿತ್ತು, ಅದನ್ನು ಎತ್ತಿಕೊಳ್ಳುವುದು ಕೂಡ ಅವರಿಗೆ ಮರೆತಿತ್ತು.

ದೀಪಕ ಮಾವನಿಗೆಂದು ಹಾಕಿಸಿದ್ದ ಟೇಬಲ್ಲಿನಲ್ಲಿ ಶಾಂತಮ್ಮ ಹೋಗಿ ಕೂತಳು. ಶ್ರಾವ್ಯಾ ಬಿಸಿ ಕಡುಬು ತಂದು ಹಾಕಿದಳು. ಊಟದ ಮಧ್ಯೆ ಯಾರನ್ನಾದರೂ ಎತ್ತಲು ಏಳಬೇಕಾಗಬಹುದು ಅನ್ನುವ ಯೋಚನೆಯಿಲ್ಲದೆ ಅವಳು ಉಂಡು ಎಷ್ಟೋ ಕಾಲವಾಗಿತ್ತು. ಅರ್ಧ ಊಟವಾಗುವಾಗ ಗೌಡರು ಬಂದು ಪಕ್ಕದಲ್ಲಿ ನಿಂತರು, ಕೋಲಿಲ್ಲದೆ.

"ನನ್ನ ಮರ್ಯಾದೆ ಮೂರು ಕಾಸಿಗೆ ಮಾಡಿದೆ" ಅಂದರು, ಇಬ್ಬರಿಗೇ ಕೇಳುವಷ್ಟು ಮೆಲ್ಲಗೆ.

ಶಾಂತಮ್ಮ ತುತ್ತು ನುಂಗಿದಳು. ಕಾರಿನಲ್ಲಿ ನುಂಗಿಕೊಂಡದ್ದು, ಕ್ಲಿನಿಕ್ಕಿನಲ್ಲಿ ನುಂಗಿಕೊಂಡದ್ದು ಎಲ್ಲ ಬಾಯಿಯ ತನಕ ಬಂದಿತ್ತು. ಅದೆಲ್ಲ ಹೇಳಲು ಕೂತರೆ ಸಂಜೆಯಾಗುತ್ತದೆ, ಕಡುಬು ಆರುತ್ತದೆ.

"ನನ್ನ ಮಿಷನ್ ಉಗ್ರಾಣದಲ್ಲಿದೆ, ಭತ್ತದ ಚೀಲದ ಹಿಂದೆ" ಅಂದಳು. "ನಾಳೆ ನಾ ಶ್ರಾವ್ಯಾನ ಜೊತೆ ಡಾಕ್ಟರ ಹತ್ರ ಹೋಗ್ತೀನಿ. ಬರೋ ಹೊತ್ತಿಗೆ ಅದು ಜಗಲಿಗೆ ಬಂದಿರಬೇಕು. ಆಳನ್ನ ಕರೀಬ್ಯಾಡಿ, ನೀವೇ ತನ್ನಿ."

"ಅಷ್ಟು ಭಾರ ನಾನು—"

"ಎತ್ತುವಾಗ ಬೆನ್ನು ಬಗ್ಗಿಸಬ್ಯಾಡಿ, ಮಂಡಿ ಬಗ್ಗಿಸಿ. ಆ ಹುಡುಗಿ ತೋರಿಸಿದ್ದು ನೋಡಿದ್ರಲ್ಲ." ಅವಳು ಇನ್ನೊಂದು ಕಡುಬಿಗೆ ಶ್ರಾವ್ಯಾಳ ಕಡೆ ಕೈಸನ್ನೆ ಮಾಡಿದಳು. "ನಿಮ್ಮ ಬೆನ್ನು ಹೋದ್ರೆ ಎತ್ತಕ್ಕೆ ಮನೇಲಿ ಯಾರೂ ಇಲ್ಲ."